ಐದು ಕಾಲಿನ ಮೇಕೆಗೆ ಮಂಜೂರಾತಿ

ಚಿತ್ರಪುಸ್ತಕಗಳು ಮಕ್ಕಳ ಕೈಗೆ ಸಿಕ್ಕರೆ ಹರಿಯುತ್ತವೆ ಎಂಬುದು ಇಲಾಖೆಯ ಗಮನಕ್ಕೆ ಬಂದು ಬಹಳ ಕಾಲವಾಗಿತ್ತು. ಆದಕಾರಣ ಆ ವರ್ಷ ಶಾಲೆಗಳಿಗೆ ಚಿತ್ರಪುಸ್ತಕ ಕಳಿಸುವಾಗ, ಅವನ್ನು ಮಕ್ಕಳಿಂದ ಕಾಪಾಡುವ ಸುತ್ತೋಲೆಯನ್ನೂ ಜೊತೆಗೇ ಕಳಿಸಲಾಯಿತು. ಪುಸ್ತಕವನ್ನು ಟೀಚರು ಎದೆಮಟ್ಟಕ್ಕೆ ಹಿಡಿದು ದೂರದಿಂದ ತೋರಿಸತಕ್ಕದ್ದು. ಕಥೆ ಕೇಳಿದ ಮಕ್ಕಳು ಸ್ಫೂರ್ತಿಗೊಂಡು ಕೈಕೆಲಸ ಮಾಡತಕ್ಕದ್ದು. ಸದರಿ ಸ್ಫೂರ್ತಿಯನ್ನು ಇಲಾಖೆಯ ಸಾಹೇಬರು ಖುದ್ದಾಗಿ ನೋಡಿ ಒಪ್ಪುವ ತನಕ, ಕೊನೆಯ ಪುಟಕ್ಕೆ ಹಾಕಿದ ಅರಗಿನ ಮುದ್ರೆಯನ್ನು ಯಾರೂ ಒಡೆಯತಕ್ಕದ್ದಲ್ಲ.

ಒಂದನೇ ತರಗತಿಯ ಟೀಚರಮ್ಮ ದೇವರನ್ನು ನೆನೆಯದೆ ಮನೆ ಬಿಟ್ಟವರಲ್ಲ, ಹೆಡ್ ಮಾಸ್ತರನ್ನು ಕೇಳದೆ ಕಿಟಕಿ ತೆರೆದವರಲ್ಲ. ನಿಯಮದಂತೆಯೇ ಕಥೆ ಓದಿದರು. ಕೊರಳಿನ ಗಂಟೆ ಕಳಕೊಂಡ ಮೇಕೆಯೊಂದು ಹೊಳೆ ದಾಟಿ, ಗುಡ್ಡ ಹತ್ತಿ, ಒಂದು ಗವಿಯ ಬಾಗಿಲಿಗೆ ಬಂತು. ಅಲ್ಲಿಗೆ ಮುದ್ರೆ ಅಡ್ಡ ಬಂತು.

ಆಗ ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ಕೇಳಿಸಿತು. "ಗಂಟೆ ಸಿಕ್ತಾ ಟೀಚರ್?"

ಶಾಲೆಗೆ ಸೇರಿದಾಗಿನಿಂದ ತುಟಿ ಪಿಟಕ್ಕೆನ್ನದೆ, ಹಾಜರಿಗೂ ಬರೀ ಕೈಯೆತ್ತುತ್ತಿದ್ದ ಹುಡುಗಿ ಅದು. ಊರೆಲ್ಲ ಅವಳನ್ನು ಮೌನಗೌರಿ ಎನ್ನುತ್ತಿತ್ತು. ಟೀಚರಮ್ಮನ ಕೈಯಿಂದ ಪುಸ್ತಕ ಜಾರಿ ಬೀಳುವುದೊಂದು ಬಾಕಿ.

"ಸಾಹೇಬ್ರು ಬಂದ್ಮೇಲೆ ಹೇಳ್ತೀನಿ ಕಂದಾ."

"ಗಂಟೆ ಸಾಹೇಬ್ರ ಹತ್ರ ಇದ್ಯಾ?"

ಈ ಪ್ರಶ್ನೆಗೆ ಸುತ್ತೋಲೆಯಲ್ಲಿ ಉತ್ತರವಿರಲಿಲ್ಲ. ಏನಾದರಾಗಲಿ, ಒಪ್ಪಿಗೆ ಪಡೆದು ಈ ಮಗುವಿಗೆ ಕೊನೆಯ ಪುಟ ಓದಿಯೇ ಓದುತ್ತೇನೆ ಎಂದು ಟೀಚರಮ್ಮ ಮನಸ್ಸಿನಲ್ಲೇ ಹರಕೆ ಹೊತ್ತರು.

ಹೆಡ್ ಮಾಸ್ತರು ಅನುಭವಸ್ಥರು. "ಮಕ್ಕಳ ಕೈಕೆಲಸಕ್ಕೆ ಮಕ್ಕಳನ್ನೇ ನಂಬ್ಕೊಂಡು ಕೂತ್ರೆ ಆಗುತ್ತೇನಮ್ಮಾ? ಮನೆಗಳಿಗೆ ಹೇಳಿ ಕಳ್ಸಿ" ಎಂದರು. ಮನೆಗಳು ಸ್ಫೂರ್ತಿಗೊಂಡವು. ಬಡಗಿ ಮಾಡಿಕೊಟ್ಟ ಮರದ ಮೇಕೆ ಕತ್ತು ಆಡಿಸಿತು. ದರ್ಜಿಯ ಹೆಂಡತಿಯ ಮೇಕೆಗೆ ಮಖಮಲ್ಲಿನ ಮೈ, ನಿಜವಾದ ಗಡ್ಡ.

"ಗಡ್ಡ ನೋಡಿದ್ರೆ ನಮ್ಮ ಮಾವನೇ ಬಂದು ನಿಂತ ಹಾಗಿದೆಯಲ್ಲ ಅಕ್ಕಾ" ಎಂದ ಬಡಗಿ.

"ನಿಮ್ಮ ಮಾವನ ಮುಖದಲ್ಲಿ ಇಷ್ಟು ಕಳೆ ಎಲ್ಲಿದೆ, ಸುಮ್ನಿರಣ್ಣಾ" ಎಂದಳು ಆಕೆ.

ಪ್ರದರ್ಶನದ ದಿನ, ತಮ್ಮ ಕೈಕೆಲಸವನ್ನು ತಾವೇ ಮುಟ್ಟಿ ಕೆಡಿಸದಿರಲೆಂದು ಮಕ್ಕಳನ್ನು ಬಯಲಿನಲ್ಲಿ ಸಾಲಾಗಿ ಕೂರಿಸಲಾಗಿತ್ತು.

ಮೌನಗೌರಿಗೆ ಇದ್ದವಳು ಅಜ್ಜಿಯೊಬ್ಬಳೇ, ಆಕೆಗೂ ಕಣ್ಣು ಮಂಜು. ಹಾಗಾಗಿ ಮೇಕೆಯನ್ನು ಹುಡುಗಿಯೇ ಮಾಡಬೇಕಾಗಿ ಬಂದಿತ್ತು. ಚಪ್ಪಲಿ ಡಬ್ಬಿಯ ರಟ್ಟು, ಸೊಟ್ಟ ಮುಖ, ಐದು ಕಾಲು. ಹೆಡ್ ಮಾಸ್ತರು ಅದನ್ನು ಬಾಗಿಲ ಹಿಂದಕ್ಕೆ ಸರಿಸಿದ್ದರು. ಸಾಹೇಬರು ಬಂದವರು ಬಾಗಿಲು ಹಾಕಿಸಿದರು. ಮೇಕೆ ಎದುರಿಗೇ ನಿಂತಿತು.

"ಇದು ಯಾರು ಮಾಡಿದ್ದು?"

"ಮಗು ಸರ್" ಎಂದರು ಟೀಚರಮ್ಮ.

"ಅದು ಗೊತ್ತು. ಮಗುವಿನ ಮನೇಲಿ ಯಾರು ಮಾಡಿದ್ದು?"

"ಮಗುನೇ ಸರ್."

"ಅಜ್ಜಿಗೆ ಕಣ್ಣು ಕಾಣಿಸಲ್ಲ, ಈ ಸಲ ಕ್ಷಮಿಸಬೇಕು" ಎಂದು ಹೆಡ್ ಮಾಸ್ತರು ಕೈಮುಗಿದರು.

ಸಾಹೇಬರು ಹುಡುಗಿಯನ್ನು ಕರೆಸಿದರು. "ಐದನೇ ಕಾಲು ಯಾಕಮ್ಮಾ?"

"ಗುಡ್ಡ ಹತ್ತಿ ಒಂದು ಕಾಲು ನೋಯುತ್ತಲ್ವಾ? ಅದಕ್ಕೆ ರಜ ಕೊಡೋಕೆ."

ರಜದ ಮಹತ್ವ ಸಾಹೇಬರಿಗೆ ಕೂಡಲೇ ಮನವರಿಕೆಯಾಯಿತು. ಪ್ರದರ್ಶನ ಮಂಜೂರಾಯಿತು. ವಾರದೊಳಗೆ ಹೊಸ ಸುತ್ತೋಲೆಯೂ ಬಂತು: ಪ್ರತಿ ಮಗುವಿನ ಕಲ್ಪನೆಯೂ ಸ್ವತಂತ್ರವಾಗಿರತಕ್ಕದ್ದು. ಸ್ವತಂತ್ರ ಕಲ್ಪನೆಗಳೆಲ್ಲ ಒಂದೇ ಅಳತೆಯಲ್ಲಿರತಕ್ಕದ್ದು. ಐದನೇ ಕಾಲು ಎಡಕ್ಕೆ ವಾಲಿರತಕ್ಕದ್ದು. ಅಳತೆಗೆ ಬೇಕಾದ ಮರದ ಅಚ್ಚನ್ನು ಕೆತ್ತುವ ಗುತ್ತಿಗೆ ಬಡಗಿಗೆ ಸಿಕ್ಕಿತು.

ಟೀಚರಮ್ಮ ಪುಸ್ತಕ ಹಿಡಿದು ಹೆಡ್ ಮಾಸ್ತರ ಮುಂದೆ ನಿಂತರು. "ಒಪ್ಪಿಗೆ ಸಿಕ್ತಲ್ಲ ಸರ್, ಮುದ್ರೆ ಒಡೀಲಾ? ಮಗು ಕಾಯ್ತಿದೆ."

"ಏನಮ್ಮಾ ನೀವು! ಮುದ್ರೆ ಒಂಚೂರೂ ಮುಕ್ಕಾಗದ ಶಾಲೆ ಅಂತ ಸಾಹೇಬ್ರು ಹೊಗಳಿ ಬರ್ದಿದಾರೆ. ಒಡೆದ್ಮೇಲೆ ಆ ಹೊಗಳಿಕೆಗೆ ನಾನೆಲ್ಲಿ ಹೋಗ್ಲಿ?"

ಮಾತಿನಲ್ಲಿ ತಪ್ಪು ಹುಡುಕಲು ಟೀಚರಮ್ಮನಿಗೆ ಆಗಲಿಲ್ಲ. ಪುಸ್ತಕ ಗಾಜಿನ ಬೀರು ಸೇರಿತು.

ಅಚ್ಚು ಬಂದ ದಿನ ಮಕ್ಕಳೆಲ್ಲ ಅದನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು ಮೇಕೆ ಕತ್ತರಿಸಿದರು. ಮೌನಗೌರಿಯೂ ಕತ್ತರಿಸಿ, ಓಡಿ ಬಂದು ಮೇಜಿನ ಮೇಲಿಟ್ಟಳು. ಕೊರಳಿನ ಕೆಳಗೆ ಗಂಟೆಯಷ್ಟು ರಟ್ಟನ್ನು ಗೆರೆಯಾಚೆ ಉಳಿಸಿ ಹಳದಿ ಬಳಿದಿದ್ದಳು.

"ಸಿಕ್ತು ಟೀಚರ್!" ಎಂದಳು.

ಟೀಚರಮ್ಮನ ಮುಖ ಅರಳಿತು. ಆಮೇಲೆ ಮೇಕೆಯನ್ನು ಅಚ್ಚಿನ ಮೇಲಿಟ್ಟು ನೋಡಿದರು. ಕಾಲುಗಳು ಸರಿಯಿದ್ದವು, ವಾಲಿದ್ದೂ ಸರಿಯಿತ್ತು. ಗಂಟೆ ಮಾತ್ರ ಅಚ್ಚಿನಿಂದ ಹೊರಗಿತ್ತು. ಬೆಳಗಾದರೆ ಸಾಹೇಬರು ಅಳತೆ ನೋಡಲು ಬರುವವರು. ಟೀಚರಮ್ಮ ಒಮ್ಮೆ ದೇವರನ್ನು ನೆನೆದು ಕತ್ತರಿ ತೆಗೆದುಕೊಂಡರು.

"ಕೊನೇ ಪುಟ ಇನ್ನೂ ತೆಗೆದಿಲ್ವಲ್ಲ ಕಂದಾ" ಎಂದು ಮೆಲ್ಲಗೆ ಹೇಳಿ, ಗಂಟೆಯನ್ನು ಗೆರೆಗೆ ಸರಿಯಾಗಿ ಕತ್ತರಿಸಿದರು.

ಹುಡುಗಿ ಹಳದಿ ಚೂರನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು ಹೋಗಿ ಕೂತಳು. ಮರುದಿನ ಸಾಹೇಬರು ಹೆಸರು ಕೇಳಿದಾಗ ಬರೀ ಕೈಯೆತ್ತಿದಳು. ಇಷ್ಟು ಸಣ್ಣ ಮಕ್ಕಳಲ್ಲಿ ಇಂಥ ಶಿಸ್ತನ್ನು ತಾವೆಲ್ಲೂ ಕಂಡಿಲ್ಲವೆಂದು ಸಾಹೇಬರು ಮೆಚ್ಚಿ, ಚಪ್ಪಾಳೆಗೆ ಅಪ್ಪಣೆ ಕೊಟ್ಟರು. ಎಲ್ಲರೂ ತಟ್ಟಿದರು. ಟೀಚರಮ್ಮನೂ ತಟ್ಟಿದರು.