ಬಾಳವ್ವನ ಆಣೆ

ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸಂಜೀವಕುಮಾರ ಆ ಭಾನುವಾರ ಬೆಳಿಗ್ಗೆ ಕಾರಿನ ಕೆಳಗೆ ಮಲಗಬೇಕಾಗಿ ಬಂದದ್ದು ತಾಯಿ ಬಾಳವ್ವನ ಒಂದು ಆಣೆಯಿಂದ.

ಬಾಳವ್ವನ ಬಲಗಾಲಿನ ಎರಡು ಬೆರಳು ಸಕ್ಕರೆ ಕಾಯಿಲೆಯಿಂದ ಕಪ್ಪಾಗಿದ್ದವು. ಊರಿನ ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿ, ಸೋಮವಾರಕ್ಕೊಮ್ಮೆ ವಿಜಯಪುರಕ್ಕೆ ಬರುವ ದೊಡ್ಡ ಡಾಕ್ಟರ ಹತ್ತಿರ ಈ ಸೋಮವಾರವೇ ಒಯ್ಯಬೇಕು ಎಂದಿದ್ದರು. ಈಗ ಹೋದರೆ ಎರಡು ಬೆರಳಿಗೆ ಮುಗಿಯುತ್ತದೆ, ಇನ್ನೊಂದು ವಾರ ತಡವಾದರೆ ಮೊಣಕಾಲಿನವರೆಗೂ ತೆಗೆಯಬೇಕಾಗುತ್ತದೆ.

ಎರಡು ದಿನ ಒಲ್ಲೆನೆಂದ ಬಾಳವ್ವ ಮೂರನೆಯ ದಿನ ಮಗನ ತಲೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡಳು. "ಬರ್ತೇನಪ್ಪ ಸಂಜು. ಆದ್ರ ನಿನ್ನ ಕಾರನ್ಯಾಗ ಅಷ್ಟ ಬರ್ತೇನಿ. ಬ್ಯಾರೆ ಗಾಡಿ ಏರಿದ್ರ ನಿನ್ನ ತಲಿ ಮ್ಯಾಗ ಆಣಿ ಐತಿ."

ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಾಣಲಿಲ್ಲ. ಬಾಳವ್ವನ ಗಂಡ ಮೂರು ವರ್ಷದ ಹಿಂದೆ ಜ್ವರವೆಂದು ಆಂಬುಲೆನ್ಸ್ ಏರಿ ಹೋದವನು, ನಾಲ್ಕನೆಯ ದಿನ ಅದೇ ಗಾಡಿಯಲ್ಲಿ ಬಿಳಿ ಬಟ್ಟೆ ಹೊದ್ದು ಬಂದಿದ್ದ. ಅಂದಿನಿಂದ ಅವಳಿಗೆ ಬಾಡಿಗೆ ಗಾಡಿಯೆಂದರೆ ಆಗದು. ಬಸ್ಸನ್ನೂ ಅದೇ ಲೆಕ್ಕದಲ್ಲಿ ಸೇರಿಸಿಬಿಟ್ಟಿದ್ದಳು.

ತೊಡಕು ಇದ್ದದ್ದು ಕಾರಿನಲ್ಲಿ. ಕ್ಲಚ್ ಹೋಗಿ ನಾಲ್ಕು ತಿಂಗಳಿಂದ ಅದು ಬೇವಿನ ಗಿಡದ ಕೆಳಗೆ ನಿಂತಿತ್ತು. ಹೀರೆಬಳ್ಳಿ ಅದರ ಹಿಂದಿನ ಚಕ್ರ ಹಿಡಿದು ಮೇಲೇರಿತ್ತು. ಪಕ್ಕದ ಮನೆಯ ಕಾಶಿಬಾಯಿ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಅದು ಮತ್ತೆ ಓಡೀತು ಎಂದು ಓಣಿಯಲ್ಲಿ ಯಾರೂ ನಂಬಿರಲಿಲ್ಲ.

ಊರಿನ ಇಬ್ಬರು ಮೆಕ್ಯಾನಿಕರು ನಾಲ್ಕು ದಿನ ಬೇಕೆಂದರು. ಮೂರನೆಯವನಾದ ತೌಸಿಫ ತಂಗಿಯ ಮದುವೆಗೆ ಇಂಡಿಗೆ ಹೋಗಿದ್ದ. ಸಂಜೀವಕುಮಾರ ಶನಿವಾರ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಕ್ಲಚ್ ಪ್ಲೇಟ್ ತಂದ, ರಾತ್ರಿ ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದ, ಬೆಳಿಗ್ಗೆ ತೌಸಿಫನಿಗೆ ಫೋನು ಹಚ್ಚಿದ. ಆ ಕಡೆ ಬ್ಯಾಂಡಿನ ಸದ್ದಿಗೆ ಏನೂ ಕೇಳದಿದ್ದಾಗ ಸ್ಪೀಕರಿಗೆ ಹಾಕಿದ.

"ಗೇರಬಾಕ್ಸ್ ಇಳಸ್ರಿ ಸರ್ರ. ಹಳೇ ಪ್ಲೇಟ್ ತಗದು ಹೊಸಾದ ಕುಂದ್ರಸ್ರಿ. ತಿರಗಿ ಏರಸ್ರಿ. ಇಷ್ಟ ಕೆಲಸ," ಎಂದ ತೌಸಿಫ, ರೊಟ್ಟಿ ಬಡಿಯುವುದನ್ನು ಹೇಳಿಕೊಟ್ಟಷ್ಟು ಸಲೀಸಾಗಿ. "ಆದ್ರ ಒಂದ ಮಾತ. ಹೊಸಾ ಪ್ಲೇಟಿಗೆ ಹನಿ ಎಣ್ಣಿ ಹತ್ತಬಾರದು. ಹತ್ತಿತಂದ್ರ ಗಾಡಿ ಬರೇ ಒದರತೈತಿ, ಮುಂದಕ್ಕ ಹೋಗಂಗಿಲ್ಲ."

ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ ಬಾಳವ್ವ ಕೇಳಿದಳು. "ಏನ ಹತ್ತಬಾರದಂತೋ?"

"ಎಣ್ಣಿ, ಅವ್ವ."

"ಯಾಕ?"

ಮಾಸ್ತರಿಕೆ ಎಲ್ಲಿ ಬಿಡುತ್ತದೆ? ಎಂಜಿನ್ನಿನ ಬಲ ಚಕ್ರಕ್ಕೆ ಹೋಗಬೇಕಾದರೆ ನಡುವಿನ ತಟ್ಟೆ ಗಟ್ಟಿಯಾಗಿ ಹಿಡಿಯಬೇಕು, ಹಿಡಿಯಬೇಕಾದರೆ ಘರ್ಷಣೆ ಬೇಕು, ಎಣ್ಣೆ ಬಿದ್ದರೆ ಘರ್ಷಣೆ ಸತ್ತಂತೆ ಎಂದು ಅಂಗೈಗೆ ಅಂಗೈ ಉಜ್ಜಿ ತೋರಿಸಿ ಸಂಜೀವಕುಮಾರ ಹತ್ತು ನಿಮಿಷ ಪಾಠ ಮಾಡಿದ. ಹನ್ನೆರಡು ವರ್ಷದ ನೌಕರಿಯಲ್ಲಿ ಘರ್ಷಣೆಯ ಪಾಠವನ್ನು ಇಷ್ಟು ಗಮನವಿಟ್ಟು ಕೇಳಿದವರನ್ನು ಅವನು ಕಂಡಿರಲಿಲ್ಲ. ಅವನಿಗೆ ಖುಷಿಯೂ ಆಯಿತು.

ಜಾಕ್ ಹಚ್ಚುವಷ್ಟರಲ್ಲಿ ಎದುರು ಮನೆಯ ಶ್ರೀಶೈಲಪ್ಪ ಬಂದರು. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಬಾನೆಟ್ ಎಂದೂ ಎತ್ತಿದವರಲ್ಲ, ಎತ್ತಿದವರನ್ನು ಬೈದು ಗೊತ್ತು.

"ಮಾಸ್ತರ, ಇದು ಸಾಲಿ ಬೋರ್ಡ್ ಅಲ್ಲ. ಸರೀರಿ ಅತ್ಲಾಗ."

ಅವರ ಹಿಂದೆ ಕಾಶಿಬಾಯಿ, ಅವಳ ಹಿಂದೆ ಇನ್ನೂ ನಾಲ್ಕೈದು ಜನ. ಎಲ್ಲರಿಗೂ ಹೊಸ ಪ್ಲೇಟ್ ಮುಟ್ಟಿ ನೋಡುವ ಆಸೆ. ಎಲ್ಲರ ಕೈಯೂ ಏನಾದರೊಂದರಿಂದ ಜಿಡ್ಡಾಗಿತ್ತು. ಸಂಜೀವಕುಮಾರ ಗಾಬರಿಯಾಗಿ ಪ್ಲೇಟನ್ನು ಪೇಪರಿನಲ್ಲಿ ಸುತ್ತಿ, ಮನೆಯಲ್ಲಿ ಯಾರೂ ಸುಮ್ಮಸುಮ್ಮನೆ ಕೈಹಾಕದ ಒಂದೇ ಜಾಗದಲ್ಲಿ, ಅಂದರೆ ದೇವರ ಜಗಲಿಯ ಮೇಲೆ ಇಟ್ಟು ಬಂದ.

ಆಮೇಲೆ ಶುರುವಾಯಿತು. ಗೇರ್ ಆಯಿಲ್ ಇಳಿಸಲು ಶ್ರೀಶೈಲಪ್ಪ ಕೈಗೆ ಸಿಕ್ಕ ಪಾತ್ರೆ ಒಡ್ಡಿದರು. ಅದು ಸಂಜೀವಕುಮಾರನ ಹೆಂಡತಿ ವಿಜಯಲಕ್ಷ್ಮಿ ರೊಟ್ಟಿ ಹಿಟ್ಟು ನಾದುವ ಪರಾತ. ಅವಳು ಹೊರಗೆ ಬಂದು ನೋಡಿ, "ಇವತ್ತ ರೊಟ್ಟಿ ಇಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು. ಬಿಚ್ಚಿದ ಬೋಲ್ಟುಗಳನ್ನು ಕಾಶಿಬಾಯಿ ಸೆರಗಿನಲ್ಲಿ ಹಿಡಿದುಕೊಂಡಿದ್ದಳು. ಹಾಲು ಉಕ್ಕುತ್ತಿದೆ ಎಂದು ನೆನಪಾಗಿ ಸೆರಗಿನ ಸಮೇತ ಓಡಿದಳು. ಅರ್ಧ ಬೋಲ್ಟು ಅಂಗಳದಲ್ಲಿ ಸಿಕ್ಕವು, ಉಳಿದವು ಅವಳ ಅಡುಗೆಮನೆಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಗೇರ್‌ಬಾಕ್ಸ್ ಸಡಿಲವಾಯಿತು. "ಹಗೂರಕ ಹಿಡೀರಿ" ಎಂದು ಶ್ರೀಶೈಲಪ್ಪ ಅನ್ನುವುದಕ್ಕೂ, ಅದು ಕೆಳಗೆ ಮಲಗಿದ್ದ ಸಂಜೀವಕುಮಾರನ ಎದೆಯ ಮೇಲೆ ಇಳಿಯುವುದಕ್ಕೂ ಸರಿಹೋಯಿತು. ಅವನಿಗೆ ಉಸಿರೇ ಹೊರಡಲಿಲ್ಲ. ಕಾರಿನ ಹೊರಗೆ ಚಾಚಿದ ಎರಡು ಕಾಲು ಅಲುಗಾಡದ್ದನ್ನು ಕಂಡು ಕಾಶಿಬಾಯಿ ದನಿ ತೆಗೆದು ಅಳತೊಡಗಿದಳು. ಶ್ರೀಶೈಲಪ್ಪ ಟೊಪ್ಪಿಗೆ ತೆಗೆದು ಎದೆಗೆ ಹಿಡಿದರು.

"ನಾ ಜೀವಂತ ಅದೇನಿ," ಎಂದಿತು ಒಳಗಿನಿಂದ ಒಂದು ಸಣ್ಣ ದನಿ. "ಇದನ್ನ ಎತ್ತರಿ ಮೊದಲ."

ಎತ್ತಿದರು. ಎತ್ತುವಾಗ ಅವನ ಹೆಬ್ಬೆರಳ ಉಗುರೂ ಹೋಯಿತು. ಆದರೆ ನಾಳೆ ಹತ್ತು ಗಂಟೆಗೆ ಅವ್ವ ವಿಜಯಪುರದಲ್ಲಿರಬೇಕು, ಇಲ್ಲದಿದ್ದರೆ ಮೊಣಕಾಲು. ಅದೊಂದೇ ಅವನ ತಲೆಯಲ್ಲಿತ್ತು. ಹೆಬ್ಬೆರಳಿಗೆ ಚಿಂದಿ ಸುತ್ತಿಕೊಂಡು, ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ದೇವರ ಜಗಲಿಯಿಂದ ಪ್ಲೇಟನ್ನು ತಂದ. ಬಾಳವ್ವ ಅಲ್ಲೇ ಗೋಡೆಗೊರಗಿ ಕೂತು ಏನನ್ನೋ ಜಪಿಸುತ್ತಿದ್ದಳು. ವಿಡಿಯೋದಲ್ಲಿ ಪ್ಲೇಟು ಮಸಕಾಗಿ ಕಂಡಿತ್ತು, ಇದು ಹೊಳೆಯುತ್ತಿತ್ತು. ಹೊಸದಲ್ಲವೇ, ಹೊಳೆಯದೆ ಇನ್ನೇನು ಮಾಡೀತು ಎಂದುಕೊಂಡ.

ಸಂಜೆ ಐದಕ್ಕೆ ಎಲ್ಲ ಜೋಡಿಸಿ ಮುಗಿಯಿತು. ಒಂದೇ ಒಂದು ಬೋಲ್ಟು ಉಳಿಯಿತು, ಅದನ್ನು ಶ್ರೀಶೈಲಪ್ಪ ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡರು. ಕಾಶಿಬಾಯಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಸಂಜೀವಕುಮಾರ ಕೀಲಿ ತಿರುವಿದ, ಗೇರ್ ಹಾಕಿದ, ಕ್ಲಚ್ ಬಿಟ್ಟ.

ಕಾರು ಒದರಿತು. ಇನ್ನೂ ಒತ್ತಿದ, ಇನ್ನೂ ಒದರಿತು. ನಿಂಬೆಹಣ್ಣು ಇದ್ದ ಹಾಗೆಯೇ ಇತ್ತು.

ಅಷ್ಟರಲ್ಲಿ ತೌಸಿಫ ಮದುವೆಯ ಬಟ್ಟೆಯಲ್ಲೇ ಬಸ್ಸಿಳಿದು ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ ಮೂಗು ಅರಳಿಸಿದ. "ಸರ್ರ, ಗಾಡ್ಯಾಗಿಂದ ಒಗ್ಗರಣಿ ವಾಸನಿ ಬರಾಕತ್ತೈತಲ್ರಿ?"

ಅಂಗಿ ಕಳಚಿ ಕೆಳಗೆ ಇಳಿದವನು ಒಂದು ತಾಸಿನಲ್ಲಿ ಪ್ಲೇಟ್ ಹೊರಗೆ ತೆಗೆದ. ಮೂಸಿ ನೋಡಿ ಸಂಜೀವಕುಮಾರನ ಕೈಗಿಟ್ಟ. "ಕುಸುಬಿ ಎಣ್ಣಿ. ಪೂರಾ ಕುಡದೈತಿ, ತೊಳದ್ರೂ ಹೋಗಂಗಿಲ್ಲ. ನಾ ಹೇಳಿದ್ದೆ. ಕ್ಲಚ್ಚಿಗೆ, ಬ್ರೇಕಿಗೆ, ಎರಡಕ್ಕೂ ಎಣ್ಣಿ ಅಂದ್ರ ವೈರಿ. ಹೊಸಾ ಪ್ಲೇಟ್ ತರಾಕ ನಾಳಿ ಅಂಗಡಿ ತಗೀಬೇಕು. ಅಂದ್ರ ಗಾಡಿ ಚಾಲೂ ಆಗೂದು ಮಂಗಳವಾರ."

ಕಾಶಿಬಾಯಿ ಕೈಮುಗಿದಳು. "ಅಯ್ಯ, ಬಾಳವ್ವಕ್ಕ ಪೂಜಿ ಮಾಡ್ಯಾಳ್ರಿ. ಹೊಸಾ ಕಬ್ಬಣ ಮನಿಗೆ ಬಂದ್ರ ಎಣ್ಣಿ, ಕುಂಕುಮ, ಭಂಡಾರ ಹಚ್ಚದ ಬಿಡ್ತಾರೇನು? ಕುಡಗೋಲಿಗೂ ಹಚ್ಚತೇವಿ, ನೇಗಿಲಿಗೂ ಹಚ್ಚತೇವಿ."

"ಹೌದ ಮತ್ತ," ಎಂದರು ಶ್ರೀಶೈಲಪ್ಪ. "ಹಿರ್ಯಾರ ಭಕ್ತಿ. ಏನೂ ಅನ್ನಬ್ಯಾಡ್ರಿ ಮಾಸ್ತರ."

ಜನ ಒಬ್ಬೊಬ್ಬರಾಗಿ ಕರಗಿದರು. ಸಂಜೀವಕುಮಾರ ಪ್ಲೇಟನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದ. ಎರಡೂ ಮೈಗೆ ಎಣ್ಣೆ ಒಂದೇ ಸಮನಾಗಿ, ಸಂದುಗೊಂದು ಬಿಡದೆ ಹತ್ತಿತ್ತು. ಕುಂಕುಮದ ಒಂದು ಚುಕ್ಕೆ ಇರಲಿಲ್ಲ, ಭಂಡಾರದ ಅರಿಷಿಣದ ಒಂದು ಕಣವಿರಲಿಲ್ಲ.

ಒಳಗೆ ಹೋಗಿ ತಾಯಿಯ ಮುಂದೆ ಕೂತ. "ಅವ್ವ, ಕುಂಕುಮ ಎಲ್ಲೈತಿ?"

ಬಾಳವ್ವ ಬ್ಯಾಂಡೇಜು ನೋಡುತ್ತ ಹೇಳಿದಳು. "ನಿಮ್ಮಪ್ಪಗೂ ಬರೇ ಜ್ವರ ಅಂತ ಒಯ್ದಿದ್ರಿ. ನನಗ ಕಾಲಿನ ಎರಡ ಬಟ್ಟ ಅಂತ ಒಯ್ತೀರಿ. ನನಗ ಅಂಜಿಕಿ ಬರ್ತೈತೋ ತಮ್ಮಾ. ಆ ಕಾರ ಎಂದೂ ಚಾಲೂ ಆಗಂಗಿಲ್ಲ ಅಂತ ನಂಬಿ ಆಣಿ ಇಟ್ಟಿದ್ದೆ. ನೀ ಇಷ್ಟ ಹಟ ಹಿಡೀತಿ ಅಂತ ನನಗೇನ ಗೊತ್ತು? ಅದಕ್ಕ ಎಣ್ಣಿ ಹಚ್ಚಿದೆ."

ಸಂಜೀವಕುಮಾರನಿಗೆ ಸಿಟ್ಟು ಬಂತು, ಅದಕ್ಕಿಂತ ಮೊದಲು ಅಳು ಬಂತು. "ನಾಳಿ ಮುಂಜಾನಿ ನಿನ್ನ ಹೊತ್ಕೊಂಡ ಬಸ್ ಏರ್ತೇನಿ. ಆಣಿ ಗೀಣಿ ನಾ ನಂಬಂಗಿಲ್ಲ."

ಬಾಗಿಲಲ್ಲಿ ವಿಜಯಲಕ್ಷ್ಮಿ ನಿಂತಿದ್ದಳು. ಡಾಕ್ಟರು ಹೇಳಿದ ದಿನದಿಂದ ಅತ್ತೆಯನ್ನು ಆಸ್ಪತ್ರೆಗೆ ಒಯ್ಯಿರೆಂದು ಗಂಡನ ಬೆನ್ನು ಹತ್ತಿದ್ದವಳು ಅವಳೇ. ಈಗ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. "ನೀವು ನಂಬಬ್ಯಾಡ್ರಿ. ನಾ ನಂಬತೇನಿ. ಆಣಿ ಇಟ್ಟದ್ದು ನಿಮ್ಮ ತಲಿ ಮ್ಯಾಗ. ಬಸ್ಸಿಗೆ ನಾ ಬಿಡಂಗಿಲ್ಲ."

ಹಾಗಾಗಿ ಈ ಸೋಮವಾರ ಕೈಬಿಟ್ಟು ಹೋಯಿತು. ಉಳಿದದ್ದು ಮುಂದಿನ ಸೋಮವಾರ, ಮತ್ತು ಮೊಣಕಾಲು. ಹೊರಗೆ ತೌಸಿಫ ಸ್ಪ್ಯಾನರುಗಳನ್ನು ಎತ್ತಿಡುತ್ತಿದ್ದ ಸದ್ದು ಕೇಳುತ್ತಿತ್ತು.

"ಸಂಜು," ಎಂದಳು ಬಾಳವ್ವ ಮೆಲ್ಲಗೆ, "ಆ ಹುಡುಗ ಬ್ರೇಕಿಗೂ ಎಣ್ಣಿ ಹತ್ತಬಾರದು ಅಂದನಲ್ಲ. ಅದು ಎಲ್ಲಿರತೈತೋ?"

ಸಂಜೀವಕುಮಾರ ಈ ಸಲ ಪಾಠ ಮಾಡಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಎಣ್ಣೆಯ ಡಬ್ಬಿ ತಂದು ತನ್ನ ದಿಂಬಿನ ಪಕ್ಕದಲ್ಲಿಟ್ಟುಕೊಂಡ.