ತಪ್ಪೇಲಿಯ ತಳ

ನಾಗಭೂಷಣನಿಗೆ ಅಡುಗೆ ಬರುತ್ತಿರಲಿಲ್ಲ. ಆದರೂ ಪಕ್ಕದ ಮನೆ ರುದ್ರಮುನಿಯ ಜಗಲಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿ, "ಅಡುಗೆ ನಂದು" ಅಂದುಬಿಟ್ಟ.

ದೇವರಾಜ ಅರಸು ಬಡಾವಣೆಯ ಮೂವರು ಗೆಳೆಯರು ಹರಿಹರದಿಂದ ಹೊಳೆದಂಡೆ ಹಿಡಿದು ಉಕ್ಕಡಗಾತ್ರಿಯ ಗದ್ದುಗೆಗೆ ನಡೆದುಹೋಗುವುದು, ದಾರಿಯಲ್ಲಿ ತಾವೇ ಬೇಯಿಸಿ ಉಣ್ಣುವುದು ಅಂತ ಮಾತಾಗಿತ್ತು. ಬೆಳಿಗ್ಗೆ ಮಂಡಕ್ಕಿ, ಮಧ್ಯಾಹ್ನ ಬಿಸಿ ಅನ್ನ ಸಾರು, ರಾತ್ರಿಗೆ ಮನೆಯಿಂದ ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಸೌದೆ, ನೀರು ಹನುಮೇಶನ ಪಾಲು. ಅಡುಗೆ ನಾಗಭೂಷಣನ ಪಾಲಾದಮೇಲೆ ಪಾತ್ರೆ ತೊಳೆಯುವುದು ರುದ್ರಮುನಿಗೆ ಉಳಿಯಿತು. ಹೊಳೆಗೊಮ್ಮೆ ಅದ್ದಿ ತೆಗೆದರಾಯಿತು ಅಂತ ಅವನು ನಕ್ಕ.

ನಾಗಭೂಷಣನಿಗೆ ಪಾತ್ರೆ ತೊಳೆಯಲು ಬರುವುದಿಲ್ಲ ಅಂತಲ್ಲ. ಬಹಳ ಚೆನ್ನಾಗಿ ಬರುತ್ತದೆ ಅನ್ನುವುದೇ ತೊಂದರೆ. ಮಳೆಗಾಲದಲ್ಲಿ ಹೆಂಡತಿ ವಾಣಿ ಜಾರಿಬಿದ್ದು ಮಣಿಕಟ್ಟು ಉಳುಕಿಸಿಕೊಂಡಾಗಿನಿಂದ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿಕೊಂಡು ಅವನೇ ತೊಳೆಯುತ್ತಿದ್ದ. ಗಂಡಸು ಅಂದಮೇಲೆ ಉಂಡ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋಗಬೇಕು ಅನ್ನುವ ಆಸಾಮಿ ರುದ್ರಮುನಿ. ಅವನಿಗೆ ಗೊತ್ತಾದರೆ ಓಣಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಹೊರಟ ದಿನ ಮಧ್ಯಾಹ್ನ ಹೊಳೆದಂಡೆಯಲ್ಲಿ ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟರು. ಒಲೆ ಊದಿ ಊದಿ ನಾಗಭೂಷಣನ ಮುಖ ಸುಟ್ಟ ಬದನೆಕಾಯಿಯಾಯಿತು. ಇಳಿಸಿ ನೋಡಿದರೆ ಮೇಲೆ ಅಕ್ಕಿ, ನಡುವೆ ಗಂಜಿ, ತಳದಲ್ಲಿ ಇದ್ದಿಲು. ರಾತ್ರಿಯ ರೊಟ್ಟಿಯನ್ನು ಹಗಲೇ ಉಂಡರು.

ರುದ್ರಮುನಿ ತಪ್ಪೇಲಿ ನೋಡಿ ಬಿಳಿಚಿಕೊಂಡ. ಅದು ಅವನ ಹೆಂಡತಿ ಅಕ್ಕನಾಗಮ್ಮನ ತವರಿನ ಹಿತ್ತಾಳೆ ತಪ್ಪೇಲಿ. ಹೊಳೆಯಲ್ಲಿ ಕೂತು ಬೊಗಸೆ ಬೊಗಸೆ ಮರಳು ಹಾಕಿ ಗರಗರ ಉಜ್ಜತೊಡಗಿದ. ಆ ಸದ್ದು ನಾಗಭೂಷಣನ ಹಲ್ಲಿಗೇ ತಾಗಿತು. ತಡೆದ, ತಡೆದ, ಆಮೇಲೆ ಆಗಲಿಲ್ಲ.

"ಮರಳು ಹಾಕಬ್ಯಾಡ್ರಿ ಅಣ್ಣ, ಕಲಾಯಿ ಕಿತ್ತು ಬರ್ತೈತೆ. ಬೂದಿ ನೀರು ಹಾಕಿ ನೆನೆಬಿಡ್ರಿ. ಕೊಡ್ರಿ ಇಲ್ಲಿ."

ಕಸಿದುಕೊಂಡು ಕೂತೇಬಿಟ್ಟ. ನೆನೆಸಿ, ತೆಂಗಿನನಾರಿನಲ್ಲಿ ಮಗುವಿನ ಬೆನ್ನು ತಿಕ್ಕುವಂತೆ ತಿಕ್ಕಿ ಮೇಲೆತ್ತಿದಾಗ ತಪ್ಪೇಲಿ ಮದುವೆಗೆ ಹೊರಟಂತಿತ್ತು. ಹಿಂದೆ ತಿರುಗಿದರೆ ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಎಷ್ಟು ದಿವ್ಸದಿಂದ ನಡೆದೈತೆ ಇದು?" ಅಂದ ಹನುಮೇಶ, ಪೊಲೀಸಿನವನ ಹಾಗೆ.

ನಾಗಭೂಷಣ ಎಲ್ಲ ಒಪ್ಪಿಕೊಂಡು, ಓಣಿಯಲ್ಲಿ ಹೇಳಬೇಡಿರೆಂದು ಕೈಮುಗಿದ. ರುದ್ರಮುನಿ ಗದ್ದುಗೆ ಮುಟ್ಟಿ ಆಣೆ ಮಾಡುತ್ತೇನೆಂದ. ಅದರ ಬದಲಿಗೆ ಉಕ್ಕಡಗಾತ್ರಿಯವರೆಗೆ ಲೋಟ ತೊಳೆದದ್ದೂ ನಾಗಭೂಷಣನೇ.

ಮರುದಿನ ಸಂಜೆ ಗುಟ್ಟು ಉಳಿಯಿತೆಂಬ ಸಮಾಧಾನದಲ್ಲಿ ಮನೆ ಹೊಕ್ಕ. ವಾಣಿ ತುಂಬಿದ ಕೊಡವನ್ನು ಉಳುಕಿದ ಕೈಯೊಂದರಲ್ಲೇ ಎತ್ತಿ ಕಟ್ಟೆಗಿಡುತ್ತಿದ್ದಳು.

"ಕೈ?" ಅಂದ.

ವಾಣಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ದೀಪಾವಳಿಗೇ ವಾಸಿ ಆಗೈತ್ರಿ."

"ಮತ್ತೆ ಯಾಕ ಹೇಳ್ಲಿಲ್ಲ?"

"ಟೀವಿಗೆ ಕೇಬಲ್ ಹಾಕಿಸಿದ ಮ್ಯಾಲೆ ನೀವು ನನ್ನ ಕೂಡ ಮಾತಾಡೋದು ಪಾತ್ರೆ ತೊಳೆಯೋವಾಗ ಅಷ್ಟೇ."

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಎರಡು ದಿನದ ಪಾತ್ರೆ ರಾಶಿ ಬಿದ್ದಿತ್ತು. ಅವನು ಅಂಗಿಯ ತೋಳು ಮಡಚಿ, ಚಿಲಕ ಹಾಕಿ, ಹೊಳೆಯ ಕತೆ ಶುರುಮಾಡಿದ. ವಾಣಿ ಪಕ್ಕದಲ್ಲಿ ಮಣೆ ಹಾಕಿಕೊಂಡಳು.

ಅನ್ನ ಸೀದುಹೋದ ಘಟ್ಟಕ್ಕೆ ಕತೆ ಬರುವಷ್ಟರಲ್ಲಿ ಹಿತ್ತಿಲ ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. ತೆಗೆದರೆ ರುದ್ರಮುನಿ, ಟವೆಲ್ಲಿನ ಮರೆಯಲ್ಲಿ ಒಂದು ಕರಿ ಬಾಣಲೆ.

"ತಪ್ಪೇಲಿ ನೋಡಿ ನಮ್ಮಾಕಿ, ಇಷ್ಟು ಚೆಂದ ಯಾರು ತೊಳೆದ್ರು ಅಂದ್ಲು. ಆಣೆ ಮಾಡಿದ್ನಲ್ಲಪ್ಪ, ನಿನ್ನ ಹೆಸರು ಹೇಳಾಕೆ ಬರ್ಲಿಲ್ಲ. ನಾನೇ ಅಂದೆ." ರುದ್ರಮುನಿ ಓಣಿಯತ್ತ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಈ ಬೂದಿ ಎಷ್ಟೊತ್ತು ನೆನಿಬೇಕು?"

"ಒಳಗೆ ಬರ್ರಿ ಅಣ್ಣ," ಅಂತ ವಾಣಿ ಇನ್ನೊಂದು ಮಣೆ ಹಾಕಿದಳು.