ದ್ಯಾಮಪ್ಪನವರ ಕಿವಿಯ ಫೈಲು

ಕೆಂಗೇರಿ ಉಪನಗರದ ಮಾಜಿ ಹವಾಲ್ದಾರ್ ದ್ಯಾಮಪ್ಪನವರಿಗೆ ಪಿಂಚಣಿ ಆಫೀಸಿನಿಂದ ಬಂದ ಕಾಗದದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ತಮ್ಮ ಕಿವುಡು ಸೈನ್ಯದ ಫಿರಂಗಿಯ ಸದ್ದಿನಿಂದಲೇ ಬಂದದ್ದು ಎನ್ನಲು ಪುರಾವೆ ಏನು? ಸೋಮವಾರ ಸಂಜೆ ನಾಲ್ಕರೊಳಗೆ ಕೊಡದಿದ್ದರೆ ಅಂಗವಿಕಲ ಪಿಂಚಣಿಯ ಅರ್ಜಿ ವಜಾ.

ಹದಿನೆಂಟು ವರ್ಷ ಫಿರಂಗಿಯ ಪಕ್ಕ ನಿಂತವರು ಅವರು. 2009ರಲ್ಲಿ ನಿವೃತ್ತರಾಗಿ ಬಂದಾಗಲೇ ಕುಕ್ಕರಿನ ಸೀಟಿ ಅವರ ಪಾಲಿಗೆ ಬರೀ ಹಬೆಯಾಗಿತ್ತು.

ಸೋಮವಾರ ಬೆಳಗ್ಗೆ ಸಾಕ್ಷಿಗಾಗಿ ಸುಂಕದಕಟ್ಟೆಗೆ ಹೋದರು. ಅದೇ ಫಿರಂಗಿಯ ಇನ್ನೊಂದು ಬದಿಗೆ ನಿಲ್ಲುತ್ತಿದ್ದ ರೇವಣಸಿದ್ದನ ಮನೆ ಅಲ್ಲಿ. ಬೆಲ್ ಒತ್ತಿದರು. ಅದು ಹೊಡೆದುಕೊಂಡಿತೋ ಇಲ್ಲವೋ ಹೊರಗಿದ್ದವರಿಗೂ ತಿಳಿಯಲಿಲ್ಲ, ಒಳಗಿದ್ದವನಿಗೂ ತಿಳಿಯಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅವನ ಹೆಂಡತಿ ಸೊಪ್ಪು ಕೊಂಡು ಬಂದು ಬಾಗಿಲು ತೆಗೆದಳು. ರೇವಣಸಿದ್ದ ಸಾಕ್ಷಿಪತ್ರ ಬರೆದುಕೊಟ್ಟ.

ಅಷ್ಟೇ ಸಾಕಿತ್ತು. ಆದರೆ ದ್ಯಾಮಪ್ಪನವರ ಪಕ್ಕದ ಮನೆಯ ಅಲಮೇಲು ನಿವೃತ್ತ ಹೈಸ್ಕೂಲ್ ಮೇಡಂ. ಬೀದಿಯ ಎಲ್ಲರ ಅರ್ಜಿಗಳನ್ನೂ ಬರೆಯುವವರು. ಫೈಲನ್ನು ಕೈಯಲ್ಲಿ ತೂಗಿ ನೋಡಿ, ಇಷ್ಟು ತೆಳ್ಳಗಿದ್ದರೆ ಯಾವ ಆಫೀಸಿನಲ್ಲೂ ಮರ್ಯಾದೆ ಸಿಗುವುದಿಲ್ಲ ಎಂದರು. ಬೀರುವಿನಿಂದ ಕಿವಿಗೆ ಸಂಬಂಧಪಟ್ಟ ಕಾಗದಗಳನ್ನೆಲ್ಲ ತೆಗೆಸಿ, ತಾವೇ ತೂತು ಹಾಕಿ ದಾರ ಕಟ್ಟಿದರು. ಜೊತೆಗೂ ಹೊರಟರು.

ಆಫೀಸಿನ ಗುಮಾಸ್ತ ವೆಂಕಟಗಿರಿ ಒಂದೊಂದೇ ಹಾಳೆ ತಿರುವುತ್ತ ನಲವತ್ತೊಂದನೆಯದಕ್ಕೆ ನಿಂತರು.

"ಏನ್ ಸಾರ್ ಇದು? ಮನೆ ಹಿಂದಿನ ಮದುವೆ ಛತ್ರದ ಬ್ಯಾಂಡ್‌ಸೆಟ್ಟಿಂದ ನನ್ನ ಎರಡೂ ಕಿವಿ ಹೋಗಿವೆ ಅಂತ ಸ್ಟೇಷನ್ನಿಗೆ ದೂರು ಕೊಟ್ಟಿದೀರ. 2019ರಲ್ಲಿ. ಸಹಿ ನಿಮ್ದೇ."

ದ್ಯಾಮಪ್ಪ ಹಾಳೆ ಇಸಿದುಕೊಂಡು ಓದಿದರು. "ಇದನ್ನ ನಾ ಇವತ್ತ ನೋಡಾಕತ್ತೇನ್ರಿ," ಎಂದರು.

ಅದು ನಿಜವೇ. ದೂರು ಬರೆದವರು ಅಲಮೇಲು. ಅಂದು ಜೋರಾಗಿ ಓದಿಯೂ ಹೇಳಿದ್ದರು. ದ್ಯಾಮಪ್ಪ ತಲೆಯಾಡಿಸಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದ್ದರು. ಅದು ಸೈನ್ಯದಲ್ಲಿ ಬಂದ ಅಭ್ಯಾಸ.

"ಸ್ವಲ್ಪ ಖಾರವಾಗಿ ಬರೀದಿದ್ರೆ ಪೊಲೀಸ್ನೋರು ಕದಲ್ತಾರಾ?" ಎಂದರು ಅಲಮೇಲು.

ವೆಂಕಟಗಿರಿಗೆ ಕನಿಕರವಾಯಿತು. ದೂರು ಹಾಗೇಕೆ ಕೊಟ್ಟಿರಿ ಎಂದು ನಾಲ್ಕರೊಳಗೆ ಒಂದು ವಿವರಣೆ ಕೊಟ್ಟರೆ ಫೈಲು ಇವತ್ತೇ ಮೇಲಕ್ಕೆ ಹೋಗುತ್ತದೆ ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ಉಳಿದದ್ದು ಹತ್ತು ನಿಮಿಷ. ಅಲಮೇಲು ಆಗಲೇ ಪೆನ್ನಿನ ಕ್ಯಾಪು ತೆಗೆದಿದ್ದರು.

"ಓದ್ತೀನಿ, ಸರಿಯಾಗಿ ಕೇಳಿಸ್ಕೊಳ್ಳಿ ದ್ಯಾಮಪ್ಪನವರೇ. 'ಛತ್ರದ ಮೇಲಿನ ನನ್ನ ದೂರು ಸುಳ್ಳು. 2019ರಲ್ಲಿ ನನಗೆ ಎರಡೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿದ್ದವು.' ಸರಿ ಅಲ್ವಾ?"

ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಒಂದು ನಿಮಿಷ. ದ್ಯಾಮಪ್ಪ ತಲೆಯಾಡಿಸಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.

ವೆಂಕಟಗಿರಿ ಮೊಹರು ಒತ್ತಿದರು. ಮೇಜು ಅದುರುವಷ್ಟು ಸದ್ದಾಯಿತು. ದ್ಯಾಮಪ್ಪನವರಿಗೆ ಅದೂ ಕೇಳಿಸಲಿಲ್ಲ.